ಛತ್ರದ ಯಜಮಾನನೂ ನಮ್ಮ ಡ್ರೈವರ್ ಕಾಕಾನೂ



ಒಂದನೇ, ಎರಡನೇ ಇಯತ್ತೆಯ ಮಕ್ಕಳಿಗೆ ಶಾಲೆಯಲ್ಲಿ ನಮ್ಮ ನೆರವಿಗೆ ಬರುವವರ ಕುರಿತು ಒಂದು ಪಾಠ ಇರುತ್ತದೆ. ಅಂಚೆಯಣ್ಣ, ನರ್ಸಮ್ಮ, ಪೊಲೀಸರು, ಬೀದಿ ಗುಡಿಸುವವರು, ಬಸ್ ಚಾಲಕರು, ಹೀಗೆ ಒಬ್ಬೊಬ್ಬರದೂ ಒಂದು ಚಿತ್ರ, ಕೆಳಗೆ ಎರಡು ಸಾಲು. ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ನಾವು ಪರಸ್ನೇಹದ ಪಾಠ ಹೇಳುವಾಗಲೂ ಇದೇ ಚಿತ್ರಗಳು ಮಕ್ಕಳ ನೆನಪಿಗೆ ಬರುತ್ತವೆ. ಆಗ ಮಕ್ಕಳು ಕೇಳುವ ಒಂದು ಪ್ರಶ್ನೆ ಇದೆ. ಡ್ರೈವರ್ ಕಾಕಾಗೆ ಪಗಾರ ಸಿಗುತ್ತದೆ, ನಾವು ಟಿಕೆಟ್ ತೆಗೆಸುತ್ತೇವೆ, ಮತ್ತೆ ಅದು ಸಹಾಯ ಹೇಗಾಯಿತು?

ಈ ಪ್ರಶ್ನೆಯನ್ನು ನಕ್ಕು ಬಿಟ್ಟುಬಿಡುವುದು ಸುಲಭ. ಆದರೆ ಇದು ಮಕ್ಕಳಾಟದ ಪ್ರಶ್ನೆಯಲ್ಲ. ನಮ್ಮಲ್ಲಿ ಹೆಚ್ಚಿನವರು ದುಡಿದು ತಿನ್ನುವವರು. ಪಗಾರಕ್ಕೆ ಮಾಡಿದ ಕೆಲಸ ಬರೀ ಪಗಾರದ ಕೆಲಸವಾದರೆ, ಬೆಳಗಿನಿಂದ ಸಂಜೆಯವರೆಗಿನ ನಮ್ಮ ಬದುಕಿಗೂ ಯೇಸುಸ್ವಾಮಿಯ ಆಜ್ಞೆಗೂ ಸಂಬಂಧವೇ ಉಳಿಯುವುದಿಲ್ಲ. ನೆರೆಯವರನ್ನು ಪ್ರೀತಿಸುವುದೆಂದರೆ ಭಾನುವಾರ ಕಾಣಿಕೆ ಡಬ್ಬಿಗೆ ಹಾಕುವ ಹತ್ತು ರೂಪಾಯಿ ಮಾತ್ರ ಎಂದಾಗಿಬಿಡುತ್ತದೆ. ಆದ್ದರಿಂದ ಈ ತಿಂಗಳು ನಾವು ಈ ಒಂದು ಪ್ರಶ್ನೆಯನ್ನೇ ಹಿಡಿದು, ನಮ್ಮ ಉಮರ್ಗಾ, ನಿಲಂಗಾ, ಉದಗೀರದ ಬಸ್ಸುಗಳನ್ನೇ ಕಣ್ಣ ಮುಂದೆ ಇಟ್ಟುಕೊಂಡು ಯೋಚಿಸೋಣ.

ಡ್ರೈವರ್ ಕಾಕಾ ಏನು ಮಾಡುತ್ತಾರೆ?

ಮೊದಲು ಮಕ್ಕಳಿಗೆ ಕಾಣುವುದನ್ನೇ ಹೇಳೋಣ. ಉದಗೀರಕ್ಕೆ ರೈಲಿದೆ. ಬೀದರ, ಭಾಲ್ಕಿ, ಕಮಲನಗರದ ಮೇಲೆ ಬರುವ ಗಾಡಿ ಅಲ್ಲಿ ನಿಂತು ಪರಳಿಯ ಕಡೆಗೆ ಹೋಗುತ್ತದೆ. ನಿಲಂಗಾಕ್ಕೆ ರೈಲಿಲ್ಲ, ಉಮರ್ಗಾಕ್ಕೂ ಇಲ್ಲ. ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಉಮರ್ಗಾದ ಮೂಲಕ ಹಾದುಹೋಗುತ್ತದೆ. ಆ ಹೆದ್ದಾರಿಯಿಂದ ಒಳಗಿರುವ ಹಳ್ಳಿಗಳಿಗೆ ಎಸ್‌ಟಿಯೇ ದಿಕ್ಕು. ಮೂರೂ ಊರುಗಳಲ್ಲಿ ಎಸ್‌ಟಿ ಡೆಪೊ ಇದೆ. ಗಡಿಯಾಚೆ ಬಸವಕಲ್ಯಾಣ, ಭಾಲ್ಕಿ, ಔರಾದ, ಆಳಂದಗಳಲ್ಲಿ ಕರ್ನಾಟಕದ ಡೆಪೊಗಳಿವೆ. ಊರಿದ್ದಲ್ಲಿ ರಸ್ತೆ, ರಸ್ತೆ ಇದ್ದಲ್ಲಿ ಎಸ್‌ಟಿ ಎಂಬ ಘೋಷಣೆಯನ್ನು ನಾವೆಲ್ಲ ಮರಾಠಿಯಲ್ಲಿ ಓದುತ್ತಲೇ ಬೆಳೆದವರು.

ರಾತ್ರಿ ಹಳ್ಳಿಗೆ ಬಂದು ಅಲ್ಲೇ ಉಳಿಯುವ ಬಸ್ಸಿಗೆ ಆಚೆಯವರು ವಸ್ತಿ ಬಸ್ಸು ಎನ್ನುತ್ತಾರೆ, ಈಚೆಯವರು ಮುಕ್ಕಾಮಿ ಗಾಡಿ ಎನ್ನುತ್ತಾರೆ. ಎರಡರಲ್ಲೂ ಚಾಲಕನ ಹಾಸಿಗೆ ಒಂದೇ. ಗಾಡಿಯೊಳಗೋ, ಗುಡಿಯ ಕಟ್ಟೆಯ ಮೇಲೋ, ಗ್ರಾಮ ಪಂಚಾಯತಿಯ ಪಡಸಾಲೆಯಲ್ಲೋ ಅವನು ಮಲಗುತ್ತಾನೆ. ತನ್ನ ಮನೆಯ ಮಕ್ಕಳನ್ನು ಬಿಟ್ಟು ಬೇರೆಯವರ ಮಕ್ಕಳ ಊರಿನಲ್ಲಿ ಮಲಗಿ, ಕೋಳಿ ಕೂಗುವ ಹೊತ್ತಿಗೆ ಎದ್ದು ಗಾಡಿ ಚಾಲೂ ಮಾಡುತ್ತಾನೆ. ಆ ಮೊದಲ ಗಾಡಿಯಲ್ಲಿ ತಾಲೂಕು ಆಸ್ಪತ್ರೆಗೆ ಹೋಗುವ ಬಸುರಿ ಇರುತ್ತಾಳೆ. ಕೋರ್ಟಿನ ತಾರೀಖಿಗೆ ಹೊರಟ ಮುದುಕ, ಸೊಪ್ಪಿನ ಗಂಟು ಹೊತ್ತ ತಾಯಿ, ಕಾಲೇಜಿನ ಹುಡುಗಿಯರು ಇರುತ್ತಾರೆ. ಈ ಮೊದಲ ಗಾಡಿ ಒಂದು ದಿನ ಬಾರದಿದ್ದರೆ ಊರಿನ ಆ ದಿನದ ಅರ್ಧ ಕೆಲಸ ನಿಂತಂತೆಯೇ.

ಬುತ್ತಿಯ ವಿಷಯವನ್ನೂ ಮಕ್ಕಳಿಗೆ ಹೇಳಬೇಕು. ಲಾತೂರಿನಲ್ಲಿ ಓದುವ ಮಗನಿಗೆ ತಾಯಿ ಹಳ್ಳಿಯಿಂದ ಡಬ್ಬಿ ಕಟ್ಟಿ ಎಸ್‌ಟಿಯಲ್ಲಿ ಇಡುತ್ತಾಳೆ. ಧಾರವಾಡ, ಕಲಬುರ್ಗಿ ಕಡೆಗೂ ರೊಟ್ಟಿ ಬುತ್ತಿ ಹೀಗೆಯೇ ಬಸ್ಸಿನಲ್ಲಿ ಹೋಗುತ್ತಿತ್ತು, ಇಂದಿಗೂ ಹೋಗುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯನ್ನು ಬಟ್ಟೆಯಲ್ಲಿ ಬಿಗಿದು, ಮೇಲೆ ಹೆಸರು ಬರೆದು, "ಕಾಕಾ, ಸ್ಟ್ಯಾಂಡಿನ್ಯಾಗ ನಮ್ಮ ಹುಡುಗ ಬರ್ತಾನ" ಎಂದು ಹೇಳಿ ಕೊಡುವುದು ನಮಗೆ ಗೊತ್ತಿರುವ ದೃಶ್ಯ. ಆ ಡಬ್ಬಿಯನ್ನು ಜೋಪಾನ ಮಾಡಿ ಮುಟ್ಟಿಸುವುದು ಚಾಲಕನ, ಕಂಡಕ್ಟರನ ಮುಖ್ಯ ಕೆಲಸವೇನೂ ಅಲ್ಲ. ಆದರೂ ಎಷ್ಟೋ ಬಡ ಮಕ್ಕಳು ಓದಿ ದೊಡ್ಡವರಾದದ್ದು ಈ ಡಬ್ಬಿಯ ಅನ್ನದ ಮೇಲೆ.

ದಾರಿಯಲ್ಲಿ ಕೈ ತೋರಿಸಿದರೆ ನಿಲ್ಲಿಸುವುದು, ಅಜ್ಜಿ ಮೆಟ್ಟಿಲು ಹತ್ತುವವರೆಗೆ ಕಾಯುವುದು, ಕತ್ತಲಾದ ಮೇಲೆ ಇಳಿಯುವ ಹುಡುಗಿಗೆ ಸ್ಟಾಪಿನ ಬದಲು ಬೆಳಕಿರುವ ಮನೆಯ ಮುಂದೆ ಗಾಡಿ ನಿಲ್ಲಿಸುವುದು ಚಿಕ್ಕ ಚಿಕ್ಕ ಸಂಗತಿಗಳು. ಬಸ್ಸಿನಲ್ಲಿ ಓಡಾಡುವ ಯಾವ ಮಗುವಿಗೂ ಇವುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ, ಮಕ್ಕಳು ನೋಡಿಯೇ ಇರುತ್ತಾರೆ. ಅವರ ಪ್ರಶ್ನೆ ಮಾತ್ರ ಹಾಗೆಯೇ ಇದೆ. ಪಗಾರ ಇದೆಯಲ್ಲ?

ಎರಡು ಬೆಳ್ಳಿ ನಾಣ್ಯ

ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದ ಸಾಮತಿಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿ, ಕಳ್ಳರ ಕೈಗೆ ಸಿಕ್ಕು ಗಾಯಗೊಂಡು ಬಿದ್ದವನು, ಕಂಡೂ ಕಾಣದಂತೆ ಹೋದ ಯಾಜಕ ಮತ್ತು ಲೇವಿಯ, ಕೊನೆಗೆ ಬಂದ ಸಮಾರಿಯದವನು. ಪ್ರಬೋಧನೆಯಲ್ಲಿ ಸಾಮಾನ್ಯವಾಗಿ ಈ ನಾಲ್ವರ ಮಾತು ಬರುತ್ತದೆ. ಐದನೆಯವನೊಬ್ಬ ಇದ್ದಾನೆ, ಅವನನ್ನು ನಾವು ಗಮನಿಸುವುದು ಕಡಿಮೆ. ಅವನು ಛತ್ರದ ಯಜಮಾನ.

ಸಮಾರಿಯದವನು ಗಾಯಾಳುವನ್ನು ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ತಂದ, ಒಂದು ರಾತ್ರಿ ಆರೈಕೆ ಮಾಡಿದ, ಮರುದಿನ ಎರಡು ಬೆಳ್ಳಿ ನಾಣ್ಯ ಕೊಟ್ಟು ಹೊರಟ. ಮುಂದೆ ಆ ಗಾಯಾಳುವಿಗೆ ಗಂಜಿ ಕೊಟ್ಟವರು ಯಾರು? ಗಾಯದ ಬಟ್ಟೆ ಬದಲಿಸಿದವರು ಯಾರು? ರಾತ್ರಿ ನೋವಿನಿಂದ ನರಳಿದಾಗ ಎದ್ದು ಬಂದವರು ಯಾರು? ಛತ್ರದ ಯಜಮಾನನೇ ಇರಬೇಕು. ಅವನು ಹಣ ಪಡೆದಿದ್ದ. ಹಣ ಪಡೆದ ಕಾರಣಕ್ಕೆ ಅವನು ಮಾಡಿದ್ದು ಸಹಾಯವಲ್ಲ ಎಂದು ಯೇಸುಸ್ವಾಮಿ ಎಲ್ಲೂ ಹೇಳಲಿಲ್ಲ. ಸಮಾರಿಯದವನ ಕರುಣೆ ಪೂರ್ತಿಯಾಗಲು ಈ ಪಗಾರದ ಮನುಷ್ಯ ಬೇಕಾಗಿತ್ತು. ಅವನಿಲ್ಲದಿದ್ದರೆ ಗಾಯಾಳು ಒಂದೇ ರಾತ್ರಿ ಬದುಕಿ ಮತ್ತೆ ಬೀದಿಗೆ ಬೀಳುತ್ತಿದ್ದ. 2020ರ ಅಕ್ಟೋಬರ್ 3ರಂದು ವಿಶ್ವಗುರು ಫ್ರಾನ್ಸಿಸರು ಸಹೋದರತ್ವದ ಕುರಿತು ಹೊರಡಿಸಿದ 'ಫ್ರಾತೆಲ್ಲಿ ತೂತ್ತಿ' ಪತ್ರದ ಎರಡನೆಯ ಅಧ್ಯಾಯವೆಲ್ಲ ಈ ಸಾಮತಿಯ ಧ್ಯಾನ. ಸಮಾರಿಯದವನು ಒಬ್ಬನೇ ಎಲ್ಲವನ್ನೂ ಮಾಡಲಿಲ್ಲ, ಜೊತೆಗೆ ಛತ್ರದವನನ್ನೂ ಹುಡುಕಿಕೊಂಡ ಎಂಬುದನ್ನು ಅವರೂ ಅಲ್ಲಿ ನೆನಪಿಸುತ್ತಾರೆ.

ಇನ್ನೂ ಒಂದು ಸೂಕ್ಷ್ಮವಿದೆ. ಹೆಚ್ಚು ಖರ್ಚಾದರೆ ಹಿಂದಿರುಗಿ ಬಂದಾಗ ಕೊಡುತ್ತೇನೆಂದು ಸಮಾರಿಯದವನು ಮಾತು ಕೊಟ್ಟ. ಅವನು ಹಿಂದಿರುಗಿ ಬರುತ್ತಾನೆಂಬುದಕ್ಕೆ ಛತ್ರದವನ ಕೈಯಲ್ಲಿ ಏನು ಚೀಟಿ ಇತ್ತು? ಎರಡು ನಾಣ್ಯದ ಲೆಕ್ಕ ಮುಗಿದ ಮೇಲೂ ಗಾಯಾಳುವನ್ನು ಹೊರಗೆ ಹಾಕದೆ ಇಟ್ಟುಕೊಳ್ಳಬೇಕಾದರೆ ಅವನಲ್ಲಿ ನಂಬಿಕೆಯೂ ಬೇಕು, ದಯೆಯೂ ಬೇಕು. ಪಗಾರದ ಕೆಲಸದಲ್ಲಿ ಯಾವಾಗಲೂ ಇಂಥದೊಂದು ಜಾಗ ಉಳಿದಿರುತ್ತದೆ. ಕರಾರಿನಲ್ಲಿ ಬರೆಯಲಾಗದ, ಬರೆದರೂ ಅಳೆಯಲಾಗದ ಜಾಗ ಅದು. ಚಾಲಕನಿಗೆ ಪಗಾರ ಕೊಡುವುದು ಗಾಡಿಯನ್ನು ಈ ಊರಿನಿಂದ ಆ ಊರಿಗೆ ಮುಟ್ಟಿಸಲು. ಅಜ್ಜಿಯನ್ನು ಗದರದೆ ಹತ್ತಿಸಿಕೊಳ್ಳಲು ಯಾವ ಪಗಾರ ಪಟ್ಟಿಯಲ್ಲೂ ಬೇರೆ ಕಾಲಂ ಇಲ್ಲ.

ಈ ವಿಚಾರವನ್ನು ಕನ್ನಡದವರಾದ ನಾವು ದೂರದಿಂದ ತರಬೇಕಾಗಿಲ್ಲ. ಉಮರ್ಗಾದಿಂದ ಹೆದ್ದಾರಿ ಹಿಡಿದು ಹೊರಟರೆ ಬಸವಕಲ್ಯಾಣ ದೂರವಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಶರಣರು ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳನ್ನು ಜೋಡಿಸಿ ಬದುಕಿದರು. ದುಡಿದು ಪಡೆದದ್ದಕ್ಕೆ ಅವರು ನಾಚಲಿಲ್ಲ. ದುಡಿಮೆಯೇ ದೇವರಿಗೆ ಸಲ್ಲುವ ಪೂಜೆ, ಗಳಿಸಿದ್ದನ್ನು ಹಂಚಿ ತಿನ್ನುವುದು ಅದರ ಮುಂದಿನ ಹೆಜ್ಜೆ ಎಂದರು. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದ ಕಥೆ ನಮ್ಮ ಭಾಗದ ಲಿಂಗಾಯತ ನೆರೆಹೊರೆಯವರ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ನಮ್ಮ ಧರ್ಮಸಭೆಯೂ ಇದಕ್ಕೆ ಸಮೀಪದ ಮಾತನ್ನೇ ಹೇಳುತ್ತದೆ. 1981ರಲ್ಲಿ ಮಾನವ ದುಡಿಮೆಯ ಕುರಿತು ಬರೆದ ವಿಶ್ವಪತ್ರದಲ್ಲಿ ಸಂತ ಎರಡನೇ ಜಾನ್ ಪಾಲರು, ಕೆಲಸದ ಬೆಲೆಯನ್ನು ಮೊದಲು ಅಳೆಯಬೇಕಾದದ್ದು ಅದು ಎಂಥ ಕೆಲಸ ಎಂಬುದರಿಂದಲ್ಲ, ಅದನ್ನು ಮಾಡುವವನು ಒಬ್ಬ ಮನುಷ್ಯ ಎಂಬುದರಿಂದ ಎಂದು ಕಲಿಸಿದರು.

ಸಂತ ಕ್ರಿಸ್ತೋಫರರ ಕಥೆಯನ್ನು ಮಕ್ಕಳು ಇಷ್ಟಪಟ್ಟು ಕೇಳುತ್ತಾರೆ. ಎತ್ತರದ ಆಳು, ನದಿಯ ದಂಡೆಯಲ್ಲಿ ಇದ್ದುಕೊಂಡು ದಾರಿಹೋಕರನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುವುದು ಅವನ ಕೆಲಸ. ಒಂದು ರಾತ್ರಿ ಹೊತ್ತ ಪುಟ್ಟ ಮಗು ನಡುಹೊಳೆಯಲ್ಲಿ ಲೋಕದಷ್ಟು ಭಾರವಾಯಿತು, ಆ ಮಗು ಕ್ರಿಸ್ತರೇ ಆಗಿದ್ದರು ಎಂದು ಐತಿಹ್ಯ ಹೇಳುತ್ತದೆ. ಅವರ ಸ್ಮರಣೆ ಜುಲೈ 25ಕ್ಕೆ. ಅನೇಕ ಕಡೆ ಅಂದು ವಾಹನಗಳನ್ನು ಆಶೀರ್ವದಿಸುತ್ತಾರೆ. ಈ ಕಥೆಯಲ್ಲಿ ನಾವು ಗಮನಿಸಬೇಕಾದ ಮಾತೊಂದಿದೆ. ಕ್ರಿಸ್ತೋಫರ್ ಆ ರಾತ್ರಿ ಹೊಸದಾಗಿ ಏನನ್ನೂ ಮಾಡಲಿಲ್ಲ, ದಿನವೂ ಮಾಡುವ ಕೆಲಸವನ್ನೇ ಮಾಡಿದರು. ಯಾರನ್ನು ಹೊತ್ತಿದ್ದೇನೆ ಎಂಬುದು ಅವರಿಗೆ ದಂಡೆ ಮುಟ್ಟುವವರೆಗೂ ಗೊತ್ತಿರಲಿಲ್ಲ.

ಇಲ್ಲ ಎನ್ನುವುದೂ ಸಹಾಯ

ಸಹಾಯ ಎಂದರೆ ಕೇಳಿದ್ದನ್ನೆಲ್ಲ ಕೊಡುವುದು ಎಂದು ಮಕ್ಕಳು ತಿಳಿಯಬಾರದು. ಮಳೆಗಾಲದಲ್ಲಿ ಮಾಂಜ್ರಾ, ತೇರಣಾ ನದಿಗಳು ಉಕ್ಕಿದಾಗ ತಗ್ಗಿನ ಸೇತುವೆಯ ಮೇಲೆ ನೀರು ಹರಿಯುತ್ತದೆ. ಗಾಡಿಯಲ್ಲಿರುವವರು "ಹೋಗಲಿ ಬಿಡ್ರಿ, ಮೊಣಕಾಲಷ್ಟೇ ನೀರು" ಎನ್ನುತ್ತಾರೆ. ಮನೆ ಆಚೆ ದಂಡೆಯಲ್ಲೇ ಕಾಣುತ್ತಿರುತ್ತದೆ. ಆಗ ಬ್ರೇಕಿನ ಮೇಲೆ ಕಾಲಿಟ್ಟು, ಬೈಗುಳ ಕೇಳಿಸಿಕೊಂಡು, ನೀರು ಇಳಿಯುವವರೆಗೆ ನಿಲ್ಲುವ ಚಾಲಕ ಅಂದು ಐವತ್ತು ಮನೆಗಳಿಗೆ ಉಪಕಾರ ಮಾಡಿದ. ಅವನಿಗೆ ಯಾರೂ ಕೈಮುಗಿಯುವುದಿಲ್ಲ, ಏಕೆಂದರೆ ಆಗದ ಅಪಘಾತ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಷ್ಟದ ಸಂದರ್ಭಗಳೂ ಇವೆ. ಪರೀಕ್ಷೆಗೆ ಹೊರಟ ಹುಡುಗಿ ದೂರದಲ್ಲಿ ಓಡಿ ಬರುತ್ತಿದ್ದಾಳೆ. ಗಾಡಿಯೊಳಗೆ ಡಯಾಲಿಸಿಸ್‌ಗೆ ಹೋಗಬೇಕಾದ ರೋಗಿ ಕುಳಿತಿದ್ದಾನೆ. ಕಾಯುವುದು ಸರಿಯೋ ಹೊರಡುವುದು ಸರಿಯೋ? ಎರಡು ನಿಮಿಷ ಕಾಯುವುದು ಕರುಣೆ, ಪ್ರತಿ ಸ್ಟಾಪಿನಲ್ಲೂ ಎರಡು ನಿಮಿಷ ಕಾದರೆ ಅದು ಒಳಗೆ ಕುಳಿತವರಿಗೆ ಮಾಡುವ ಅನ್ಯಾಯ. ಇದನ್ನು ಯಾವ ನಿಯಮ ಪುಸ್ತಕವೂ ಮೊದಲೇ ತೀರ್ಮಾನಿಸಿ ಇಡುವುದಿಲ್ಲ, ಸ್ಟೀರಿಂಗ್ ಹಿಡಿದವನೇ ಆ ಕ್ಷಣದಲ್ಲಿ ತೀರ್ಮಾನಿಸಬೇಕು. ಇದೇ ತೊಡಕು ನಮ್ಮ ಮನೆಗಳಲ್ಲೂ ಇದೆ. ಒಬ್ಬರಿಗೆ ಒಳ್ಳೆಯದು ಮಾಡುವಾಗ ಆ ಭಾರವನ್ನು ಯಾರು ಹೊರುತ್ತಾರೆ ಎಂದು ನೋಡದಿದ್ದರೆ, ನಾವು ಇನ್ನೊಬ್ಬರ ಜೇಬಿನಿಂದ ದಾನ ಮಾಡಿದಂತೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಎರಡು ಮೆಟ್ಟಿಲು ಮಾಡಿದೆ. ತನ್ನ ವಾಹನದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಅವರಿಗೆ ವೈದ್ಯಕೀಯ ನೆರವು ದೊರಕಿಸುವುದು ಚಾಲಕನ ಕರ್ತವ್ಯ ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 134ನೆಯ ಕಲಮು. 2019ರ ತಿದ್ದುಪಡಿಯಲ್ಲಿ ಅದರ ಬೆನ್ನಿಗೇ 134ಎ ಬಂತು. ಸಂಬಂಧವೇ ಇಲ್ಲದ ದಾರಿಹೋಕನೊಬ್ಬ ಪ್ರತಿಫಲ ಬಯಸದೆ ಗಾಯಾಳುವನ್ನು ಎತ್ತಿದರೆ ಅವನನ್ನು ಕೋರ್ಟು ಕಚೇರಿಗೆ ಎಳೆದು ಪೀಡಿಸಬಾರದು ಎಂಬ ರಕ್ಷಣೆ ಅದು. ಕಾಯ್ದೆಯಲ್ಲಿ ಅಂಥವನಿಗೆ ಇಟ್ಟ ಹೆಸರು 'ಗುಡ್ ಸಮಾರಿಟನ್'. ಲೂಕನ ಶುಭಸಂದೇಶದ ಆ ಪರದೇಶಿ ನಮ್ಮ ಸಂಸತ್ತಿನ ಕಾಯ್ದೆಯೊಳಗೆ ಹೀಗೆ ಬಂದು ಕುಳಿತಿದ್ದಾನೆ. ಧರ್ಮಸಭೆಯೂ ರಸ್ತೆಯನ್ನು ಮರೆತಿಲ್ಲ. 2007ರ ಜೂನ್ 19ರಂದು ವ್ಯಾಟಿಕನ್ ರಸ್ತೆಯ ಪಾಲನಾ ಸೇವೆಯ ಕುರಿತು ಮಾರ್ಗಸೂಚಿ ಹೊರಡಿಸಿ, ಅದರಲ್ಲಿ ಚಾಲಕರಿಗೆಂದೇ ಹತ್ತು ಕಟ್ಟಳೆಗಳನ್ನು ಕೊಟ್ಟಿತು. ಕೊಲ್ಲಬಾರದು ಎಂಬುದೇ ಅಲ್ಲಿಯೂ ಮೊದಲನೆಯದು. ಅಪಘಾತಕ್ಕೆ ಸಿಕ್ಕವರ ಕೈಹಿಡಿಯಬೇಕೆಂಬುದೂ ಅದರಲ್ಲಿದೆ.

ಗಡಿಯ ಮೇಲಿನ ನೆರೆಯವನು

ಈಗ ನಮ್ಮ ಮನೆಯ ಮಾತಿಗೆ ಬರೋಣ. ನಾವು ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ನೆರೆಮನೆಯವರೊಂದಿಗೆ ದಖನಿ ಆಡುವವರು. ಬಲಿಪೂಜೆ ಹೆಚ್ಚಾಗಿ ಮರಾಠಿಯಲ್ಲಿ, ಮಕ್ಕಳ ಶಾಲೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ, ರಾತ್ರಿಯ ಜಪಸರ ಕನ್ನಡದಲ್ಲಿ. ನಮ್ಮ ಹೆಣ್ಣುಮಕ್ಕಳನ್ನು ಆಚೆ ಕೊಟ್ಟಿದ್ದೇವೆ, ಆಚೆಯಿಂದ ಸೊಸೆಯಂದಿರನ್ನು ತಂದಿದ್ದೇವೆ. ಗಡಿ ದಾಟುವ ಬಸ್ಸು ನಮಗೆ ತವರಿನ ದಾರಿ.

ಈ ಗಡಿ ಬಹಳ ಹಳೆಯದೇನಲ್ಲ. ನಿಜಾಮರ ಸಂಸ್ಥಾನದಲ್ಲಿ 1932ರಲ್ಲಿ 27 ಬಸ್ಸುಗಳಿಂದ ಸರಕಾರಿ ಸಾರಿಗೆ ಶುರುವಾದಾಗ ಉಮರ್ಗಾ, ನಿಲಂಗಾ, ಉದಗೀರ, ಬೀದರ ಎಲ್ಲವೂ ಹೈದರಾಬಾದ್ ರಾಜ್ಯದೊಳಗೇ ಇದ್ದವು. ನಿಲಂಗಾ ಮತ್ತು ಉದಗೀರ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಬೀದರ ಮೈಸೂರು ರಾಜ್ಯಕ್ಕೆ, ಈ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಅಕ್ಟೋಬರ್ 31ರಂದು ಬೀದರದಿಂದ ಉದಗೀರಕ್ಕೆ ಹೋದವನು ತನ್ನ ಜಿಲ್ಲೆಯೊಳಗೇ ಓಡಾಡಿದ, ಮರುದಿನ ಅದೇ ರಸ್ತೆಯಲ್ಲಿ ಹೋದವನು ಪರರಾಜ್ಯಕ್ಕೆ ಹೋದ. ರಸ್ತೆ ಬದಲಾಗಲಿಲ್ಲ, ಹೊಲಗಳೂ ಬದಲಾಗಲಿಲ್ಲ. ಆದರೆ ಅಂದಿನಿಂದ ಎರಡು ರಾಜ್ಯಗಳ ನಡುವೆ ಸಿಟ್ಟು ಬಂದಾಗಲೆಲ್ಲ ಮೊದಲ ಕಲ್ಲು ಬೀಳುವುದು ಬಸ್ಸಿನ ಗಾಜಿಗೆ.

2022ರ ಡಿಸೆಂಬರಿನಲ್ಲಿ ಹೀಗಾಯಿತು. 2025ರ ಫೆಬ್ರುವರಿಯಲ್ಲಿ ಇನ್ನೂ ಕೆಟ್ಟದ್ದು ನಡೆಯಿತು. ಬೆಳಗಾವಿ ತಾಲೂಕಿನಲ್ಲಿ ಕರ್ನಾಟಕದ ಬಸ್ಸಿನ ಕಂಡಕ್ಟರರೊಬ್ಬರ ಮೇಲೆ ಹಲ್ಲೆಯಾಯಿತು. ಮರಾಠಿಯಲ್ಲಿ ಮಾತನಾಡಲಿಲ್ಲವೆಂದು ಹೊಡೆದರು ಎಂಬುದು ಅವರ ದೂರು. ಅದರ ಬೆನ್ನಲ್ಲೇ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಎಸ್‌ಟಿ ಚಾಲಕರೊಬ್ಬರನ್ನು ಹಿಡಿದು ಮುಖಕ್ಕೆ ಮಸಿ ಬಳಿದರು. ಎರಡು ರಾಜ್ಯಗಳ ನಡುವಿನ ಬಸ್ಸುಗಳು ಕೆಲವು ದಿನ ನಿಂತವು. ಹಿರಿಯರ ರಾಜಕೀಯಕ್ಕೆ ದಂಡ ತೆತ್ತವರು ತವರಿಗೆ ಹೊರಟ ಹೆಣ್ಣುಮಕ್ಕಳು, ಆಸ್ಪತ್ರೆಗೆ ಹೊರಟ ರೋಗಿಗಳು, ಬುತ್ತಿಯ ದಾರಿ ಕಾಯುವ ಹುಡುಗರು.

ಇಂಥ ಸುದ್ದಿ ಕೇಳಿದಾಗ ಮಕ್ಕಳು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ನಾವು ಯಾರ ಕಡೆ? ಕನ್ನಡ ಆಡುತ್ತೇವೆ, ಮಹಾರಾಷ್ಟ್ರದಲ್ಲಿ ಇದ್ದೇವೆ. ಒಬ್ಬರಿಗೆ ಆದದ್ದು ಅನ್ಯಾಯ, ಇನ್ನೊಬ್ಬರಿಗೆ ಆದದ್ದು ತಕ್ಕ ಉತ್ತರ ಎಂದು ಮನೆಯ ದೊಡ್ಡವರು ಟಿವಿ ಮುಂದೆ ಕುಳಿತು ಹೇಳಿದರೆ, ಮಕ್ಕಳು ಅದನ್ನೇ ಕಲಿಯುತ್ತಾರೆ. ಶುಭಸಂದೇಶದ ಉತ್ತರ ಬೇರೆ. ಜೆರಿಕೋವಿನ ದಾರಿಯಲ್ಲಿ ಬಿದ್ದವನ ಬಟ್ಟೆಯನ್ನು ಕಳ್ಳರು ಕಿತ್ತುಕೊಂಡಿದ್ದರು, ಅವನು ಅರೆಜೀವವಾಗಿದ್ದ. ಉಡುಪಿನಿಂದಲೂ ಮಾತಿನಿಂದಲೂ ಅವನು ಯಾವ ಊರಿನವನೆಂದು ಹೇಳುವಂತಿರಲಿಲ್ಲ. ಸಮಾರಿಯದವನಿಗೂ ಯೆಹೂದ್ಯರಿಗೂ ಹೋಗಿಬರುವ ಬಳಕೆ ಇರಲಿಲ್ಲ. ಆದರೂ ಅವನು ಗಾಯವನ್ನು ನೋಡಿದ, ಕುಲ ಕೇಳಲಿಲ್ಲ. ಬೆಳಗಾವಿಯಲ್ಲಿ ಬಿದ್ದವನೂ ಚಿತ್ರದುರ್ಗದಲ್ಲಿ ಬಿದ್ದವನೂ ಆ ದಾರಿಯಲ್ಲಿ ಬಿದ್ದವನೇ. ನಾವು ಬಿದ್ದವನ ಕಡೆ. ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು.

ಇನ್ನೊಂದನ್ನು ಸೇರಿಸಿ ಹೇಳಬಹುದು. ಬಸ್ಸಿನವರ ದಿನದ ಕೆಲಸವೇ ಈ ಜಗಳಕ್ಕೆ ಒಂದು ಉತ್ತರ. ಭಾಲ್ಕಿಯ ಚಾಲಕ ಉದಗೀರದ ಸ್ಟ್ಯಾಂಡಿನಲ್ಲಿ ಊರುಗಳ ಹೆಸರನ್ನು ಮರಾಠಿಯಲ್ಲಿ ಕೂಗುತ್ತಾನೆ. ಉಮರ್ಗಾದ ಕಂಡಕ್ಟರ್ ಆಳಂದದ ಅಜ್ಜಿಗೆ ತನಗೆ ಬಂದಷ್ಟು ಕನ್ನಡದಲ್ಲಿ ಚಿಲ್ಲರೆ ಎಣಿಸಿ ಕೊಡುತ್ತಾನೆ. ವ್ಯಾಕರಣ ತಪ್ಪಿದರೂ ಊರು ತಪ್ಪುವುದಿಲ್ಲ. ಭಾಷೆ ಇರುವುದೇ ಒಬ್ಬರನ್ನೊಬ್ಬರು ಮುಟ್ಟಲಿಕ್ಕೆ ಎಂಬುದನ್ನು ನಮ್ಮ ಮಕ್ಕಳು ಈ ಗಾಡಿಗಳಲ್ಲಿ ಕುಳಿತೇ ಕಲಿಯಬಹುದು.

ನಮ್ಮ ಬಾಕಿ

ಪಗಾರ ಪಡೆದು ಮಾಡಿದ್ದೂ ಸಹಾಯವೇ ಎಂದು ಒಪ್ಪಿದೆವು. ಇದರಲ್ಲಿ ಒಂದು ಅಪಾಯವಿದೆ. ಸೇವೆ, ತ್ಯಾಗ ಎಂದು ಬಾಯಿತುಂಬ ಹೊಗಳಿ ಪಗಾರ ಕೊಡದೆ ಇರುವುದೂ ಲೋಕದಲ್ಲಿ ನಡೆಯುತ್ತದೆ. ಸಮಾರಿಯದವನು ಛತ್ರದವನ ಒಳ್ಳೆಯತನವನ್ನು ಹೊಗಳಿ ಬರಿಗೈಲಿ ಹೊರಟುಹೋಗಲಿಲ್ಲ. ಮೊದಲೇ ಎರಡು ನಾಣ್ಯ ಕೈಗಿಟ್ಟ, ಕೊರತೆ ಬಿದ್ದರೆ ತಾನೇ ತುಂಬುವ ಮಾತು ಕೊಟ್ಟ. ಕೂಲಿಯವನ ಕೂಲಿಯನ್ನು ರಾತ್ರಿಯಿಡೀ ಹಿಡಿದಿಟ್ಟುಕೊಳ್ಳಬಾರದೆಂದು ಹಳೆಯ ಒಡಂಬಡಿಕೆಯೂ ಆಜ್ಞಾಪಿಸುತ್ತದೆ.

2020ರ ಮೇ ತಿಂಗಳಲ್ಲಿ ಲಾಕ್‌ಡೌನಿನ ನಡುವೆ, ನಡೆದೇ ಊರಿಗೆ ಹೊರಟಿದ್ದ ಕೂಲಿಕಾರರನ್ನು ಎಸ್‌ಟಿ ಬಸ್ಸುಗಳು ಬಿಟ್ಟಿಯಾಗಿ ರಾಜ್ಯದ ಗಡಿಗಳವರೆಗೆ ಒಯ್ದವು. ಆ ದಿನಗಳಲ್ಲಿ ಸೋಂಕು ತಗುಲಿ ಪ್ರಾಣ ಬಿಟ್ಟ ಬಸ್ ನೌಕರರಿದ್ದಾರೆ. ಅದಾದ ಮರುವರ್ಷವೇ, 2021ರ ಅಕ್ಟೋಬರ್ ಕೊನೆಯಿಂದ 2022ರ ಏಪ್ರಿಲ್‌ವರೆಗೆ, ಎಸ್‌ಟಿ ನೌಕರರು ನಿಗಮವನ್ನು ಸರಕಾರದಲ್ಲಿ ವಿಲೀನ ಮಾಡಬೇಕೆಂದು ಮುಷ್ಕರ ಹೂಡಿದರು. ಕರ್ನಾಟಕದಲ್ಲಿಯೂ 2021ರ ಏಪ್ರಿಲಿನಲ್ಲಿ ಸಾರಿಗೆ ನೌಕರರು ಆರನೆಯ ವೇತನ ಆಯೋಗದ ಪ್ರಕಾರ ವೇತನ ಕೇಳಿ ಗಾಡಿ ನಿಲ್ಲಿಸಿದ್ದರು. ಮುಷ್ಕರದ ಬೇಡಿಕೆಗಳ ಬಗ್ಗೆ ನಮ್ಮಲ್ಲಿ ಬೇರೆ ಬೇರೆ ಅಭಿಪ್ರಾಯ ಇರಬಹುದು. ಶಾಲೆ ತಪ್ಪಿದ ಮಕ್ಕಳ ಕಷ್ಟ ನಿಜ. ಚಾಲಕರ ಮನೆಯ ಒಲೆಯ ಕಷ್ಟವೂ ಅಷ್ಟೇ ನಿಜ. ಬಸ್ಸು ಓಡುವಾಗ ಅವರನ್ನು ಕಾಣದೆ, ನಿಂತಾಗ ಮಾತ್ರ ಕಂಡು ಬೈಯುವುದು ನ್ಯಾಯವಲ್ಲ.

ಮಹಾರಾಷ್ಟ್ರದಲ್ಲಿ 2023ರ ಮಾರ್ಚ್ 17ರಿಂದ ಮಹಿಳೆಯರಿಗೆ ಅರ್ಧ ಟಿಕೆಟ್ ಆಯಿತು. ಕರ್ನಾಟಕದಲ್ಲಿ ಅದೇ ವರ್ಷ ಜೂನ್ 11ರಂದು ಶಕ್ತಿ ಯೋಜನೆ ಬಂತು. ಒಳ್ಳೆಯದಾಯಿತು. ಆದರೆ ಟಿಕೆಟ್ ಕಡಿಮೆಯಾದಷ್ಟಕ್ಕೆ ಗಾಡಿಯೊಳಗಿನ ನಮ್ಮ ನಡತೆಯೂ ಅಗ್ಗವಾಗಬಾರದು. ಖಿಡಕಿಯಿಂದ ಕರವಸ್ತ್ರ ಎಸೆದು ಜಾಗ ಹಿಡಿಯುವುದು, ಚಾಲಕನ ಬೆನ್ನಿಗೇ ನಿಂತು ಮೊಬೈಲಿನಲ್ಲಿ ಹಾಡು ಹಚ್ಚುವುದು, ತಡವಾಯಿತೆಂದು ಅವನ ತಾಯಿ ತಂಗಿಯರನ್ನು ಎತ್ತಿ ಬೈಯುವುದು, ಇವೆಲ್ಲ ಪಾಪನಿವೇದನೆಯಲ್ಲಿ ಹೇಳಬೇಕಾದ ವಿಷಯಗಳು ಎಂದು ನಮಗೆ ಅನಿಸುವುದೇ ಇಲ್ಲ. ಅನಿಸಬೇಕು.

ಮಕ್ಕಳೊಂದಿಗೆ

ಕೊನೆಯದಾಗಿ ಮನೆಯಲ್ಲಿ, ಧರ್ಮೋಪದೇಶ ತರಗತಿಯಲ್ಲಿ ಮಾಡಬಹುದಾದ ಕೆಲವು ಸಂಗತಿಗಳು. ಬಸ್ಸಿನಿಂದ ಇಳಿಯುವಾಗ ಮಕ್ಕಳು ಡ್ರೈವರ್ ಕಾಕಾಗೆ, ಕಂಡಕ್ಟರ್ ಕಾಕಾಗೆ ಕೈ ಬೀಸಿ, "ಬರ್ತೀವ್ರಿ ಕಾಕಾ" ಎಂದೋ "ಯೇತೋ ಕಾಕಾ" ಎಂದೋ ಹೇಳಲಿ. ಯಾವ ಭಾಷೆ ಅವರದೋ ಆ ಭಾಷೆಯಲ್ಲಿ ಹೇಳಿದರೆ ಇನ್ನೂ ಚೆಂದ. ಮುಕ್ಕಾಮಿ ಗಾಡಿ ನಿಲ್ಲುವ ಊರಿನಲ್ಲಿ ನಮ್ಮ ಮನೆಯಿದ್ದರೆ, ರಾತ್ರಿ ಒಂದು ತಂಬಿಗೆ ನೀರು, ಬೇಕಾದರೆ ಎರಡು ರೊಟ್ಟಿ ಮಕ್ಕಳ ಕೈಯಲ್ಲೇ ಕಳಿಸೋಣ. ಸಾಮತಿಯ ಚಿತ್ರ ಬರೆಯಿಸುವಾಗ ಛತ್ರದ ಯಜಮಾನನನ್ನೂ ಬರೆಯಿಸೋಣ, ಅವನ ಕೈಯಲ್ಲಿ ಎರಡು ನಾಣ್ಯವನ್ನೂ ತೋರಿಸೋಣ.

ಪಗಾರ ಇದೆಯಲ್ಲ ಎಂದು ಕೇಳುವ ಮಗುವಿಗೆ ಹೀಗೆ ಹೇಳಬಹುದು: ಹೌದು ಮಗಾ, ಪಗಾರ ಇದೆ, ಇರಬೇಕು ಕೂಡ. ಅವರ ಮನೆಯಲ್ಲೂ ನಿನ್ನಂಥ ಮಕ್ಕಳಿದ್ದಾರೆ. ಆ ಪಗಾರದ ಕೆಲಸವನ್ನು ಪ್ರೀತಿಯಿಂದ ಮಾಡಿದಾಗ ಅದು ಸಹಾಯವೂ ಆಗುತ್ತದೆ. ನಾಳೆ ನೀನು ದೊಡ್ಡವನಾಗಿ ಏನೇ ಕೆಲಸ ಮಾಡಿದರೂ ಹೀಗೆಯೇ.

ಜುಲೈ 25ಕ್ಕೆ ಹತ್ತಿರದ ಭಾನುವಾರ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಬಿನ್ನಹವನ್ನು ಮಕ್ಕಳಿಂದಲೇ, ಕನ್ನಡದಲ್ಲಿ ಒಬ್ಬರು ಮರಾಠಿಯಲ್ಲಿ ಒಬ್ಬರು, ಓದಿಸೋಣ: ನಮ್ಮನ್ನು ಹೊತ್ತು ಗಡಿಯ ಈಚೆಗೂ ಆಚೆಗೂ ದಾಟಿಸುವ ಚಾಲಕರನ್ನು, ನಿರ್ವಾಹಕರನ್ನು, ಡೆಪೊದ ಮೆಕ್ಯಾನಿಕ್‌ರನ್ನು, ದಾರಿ ಕಾಯುವ ಅವರ ಮನೆಯವರನ್ನು ಕಾಪಾಡು ಸ್ವಾಮಿ. ದಾರಿಯಲ್ಲಿ ಬಿದ್ದವರನ್ನು ನಾವು ದಾಟಿ ಹೋಗದಂತೆ ನಮ್ಮನ್ನೂ ಕಾಪಾಡು.